ಅಪಾರ್ಟ್‌ಮೆಂಟ್ ಸಂಘದ ಚುನಾವಣೆಗೆ ಯಾವ ಮತದಾನ ಪದ್ಧತಿ ಕೇಳುವುದು?

ಕದ್ರಿಗುಡ್ಡೆ:
ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಅಪಾರ್ಟ್‌ಮೆಂಟ್ ಸಂಘದ ಸಮಸ್ಯೆ ಇದು, ಹೆಸರು ಬೇಡ. ಕಳೆದ ಸಲ ಅಧ್ಯಕ್ಷ ಸ್ಥಾನಕ್ಕೆ ಮೂವರು ನಿಂತರು. ಇಬ್ಬರದ್ದು ಒಂದೇ ಮಾತು. ತಾರಸಿಯ ಮಳೆನೀರನ್ನು ಬಾವಿಗೆ ಇಳಿಸೋಣ, ಏಪ್ರಿಲ್-ಮೇಯಲ್ಲಿ ಟ್ಯಾಂಕರ್‌ಗೆ ದುಡ್ಡು ಸುರಿಯುವುದು ನಿಲ್ಲಲಿ ಅಂತ. ಮೂರನೆಯವರು ಟ್ಯಾಂಕರೇ ಸಾಕು ಅನ್ನುವವರು. ಹೆಚ್ಚುಕಮ್ಮಿ ನೂರಕ್ಕೆ ಅರವತ್ತು ಜನ ಮಳೆನೀರಿನ ಕಡೆಗಿದ್ದರು. ಆದರೆ ಆ ಅರವತ್ತು ಇಬ್ಬರ ನಡುವೆ ಒಡೆದು ಹೋಯಿತು. ನಲವತ್ತು ತೆಗೆದುಕೊಂಡವರು ಗೆದ್ದರು. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಊರಲ್ಲಿ ನಾವು ಈ ಬೇಸಿಗೆಯಲ್ಲೂ ಟ್ಯಾಂಕರ್‌ಗೆ ಕಾದು ಕೂತೆವು.

ಸಮಿತಿಯದ್ದು ಇನ್ನೊಂದು ಕಥೆ. 9 ಸ್ಥಾನ, ಪ್ರತಿಯೊಬ್ಬರಿಗೂ 9 ವೋಟು. ಒಂದೇ ತಂಡ ಒಂಬತ್ತಕ್ಕೆ ಒಂಬತ್ತನ್ನೂ ಬಾಚಿಕೊಂಡಿತು.

ಮುಂದಿನ ಮಹಾಸಭೆಯಲ್ಲಿ ಬೈಲಾ ತಿದ್ದುಪಡಿ ಇಡಬೇಕು ಅಂತ ಕೆಲವರು ಸೇರಿದ್ದೇವೆ. 1, 2, 3 ಅಂತ ಬರೆಯುವುದು, ಇಷ್ಟವಾದವರಿಗೆಲ್ಲ ಟಿಕ್ ಹಾಕುವುದು, ಎರಡನೇ ಸುತ್ತು ನಡೆಸುವುದು, ಅಂಕ ಕೊಡುವುದು, ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಮಗೆ ಜಗತ್ತಿನಲ್ಲೇ ಅತ್ಯುತ್ತಮವಾದದ್ದು ಬೇಡ. ಎಪ್ಪತ್ತು ದಾಟಿದವರಿಗೂ ಐದು ನಿಮಿಷದಲ್ಲಿ ಅರ್ಥ ಆಗಬೇಕು, ಅಲ್ಲೇ ಎಣಿಸಿ ಮುಗಿಯಬೇಕು, ಈ ಮತ ಒಡೆಯುವ ರೋಗ ಹೋಗಬೇಕು. ಯಾವುದನ್ನು ಕೇಳುವುದು?

ಬಂದರಿನವ:
ಅವಿರೋಧ ಆಯ್ಕೆ ಮಾಡಿ ಮಾರಾಯ್ರೆ. ಒಂದೇ ಲಿಫ್ಟಲ್ಲಿ ಓಡಾಡುವವರ ಮಧ್ಯೆ ಚುನಾವಣೆ ಎಂತಕ್ಕೆ?

ಕದ್ರಿಗುಡ್ಡೆ:
ಎಷ್ಟೋ ವರ್ಷ ಹಾಗೇ ನಡೆಯಿತು ಅಣ್ಣ. ಅವಿರೋಧ ಅಂದರೆ ನಾಲ್ಕು ಜನ ಮೊದಲೇ ಕೂತು ತೀರ್ಮಾನ ಮಾಡಿ, ಸಭೆಯಲ್ಲಿ ಚಪ್ಪಾಳೆ ತಟ್ಟಿಸುವುದು. ಲೆಕ್ಕಪತ್ರ ಕೇಳಿದವರಿಗೆ ಉತ್ತರ ಇರಲಿಲ್ಲ. ಹಾಗಾಗಿಯೇ ಚುನಾವಣೆ ಬಂತು.

ಪುತ್ತೂರು ಸಂತೆ:
ಮತ ಒಡೆಯುವುದು ಅಂದರೆ ಏನು ಅಂತ ನಮ್ಮೂರಿನವರಿಗೆ ಹೇಳಿಕೊಡಬೇಕಾಗಿಲ್ಲ. ಪುತ್ತೂರಿನ 2023ರ ವಿಧಾನಸಭೆ ಚುನಾವಣೆ ನೋಡಿ. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ 66,607. ಬಿಜೆಪಿಯಿಂದ ಬಂಡಾಯ ಎದ್ದು ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲ 62,458. ಬಿಜೆಪಿಯ ಆಶಾ ತಿಮ್ಮಪ್ಪ 37,558. ಅಂತರ 4,149. ಮೂರನೇ ಸ್ಥಾನದಲ್ಲಿದ್ದ ಮೂವತ್ತೇಳು ಸಾವಿರ ಜನರನ್ನು "ನಿಮ್ಮ ಎರಡನೇ ಆಯ್ಕೆ ಯಾರು" ಅಂತ ಕೇಳಿದ್ದರೆ ಫಲಿತಾಂಶವೇ ಬೇರೆ ಆಗುತ್ತಿತ್ತು.

ಬ್ರಹ್ಮಾವರ ಬೈಲು:
ಅದು ನಿಮ್ಮ ಊಹೆ. ಆ ಮೂವತ್ತೇಳು ಸಾವಿರವೂ ಒಂದೇ ಕಡೆ ಹೋಗುತ್ತಿತ್ತು ಅಂತ ಹೇಗೆ ಹೇಳುತ್ತೀರಿ? ಬಂಡಾಯ ಎದ್ದವರ ಮೇಲೆ ಸಿಟ್ಟಿದ್ದವರೂ ಅದರಲ್ಲಿದ್ದರು. ಎರಡನೆಯದನ್ನು ಖಾಲಿ ಬಿಡುವವರೂ ಇರುತ್ತಾರೆ.

ಪುತ್ತೂರು ಸಂತೆ:
ಎಲ್ಲ ಹೋಗಬೇಕು ಅಂತ ಎಲ್ಲಿ ಹೇಳಿದೆ? ಒಂದು ಕಡೆಗೆ 4,150 ಜಾಸ್ತಿ ಹೋದರೆ ಸಾಕು. ಯಾರು ಗೆಲ್ಲಬೇಕಿತ್ತು ಅನ್ನುವುದು ನನ್ನ ವಿಷಯ ಅಲ್ಲ. ಗೆದ್ದವರಿಗೂ "ಅರ್ಧಕ್ಕಿಂತ ಜಾಸ್ತಿ ಜನ ನನ್ನ ಜೊತೆ ಇದ್ದಾರೆ" ಅಂತ ಎದೆ ತಟ್ಟಿ ಹೇಳಲು ಈ ಪದ್ಧತಿ ಬಿಡಲಿಲ್ಲ. ಮೂವರ ಮತ ಕೂಡಿಸಿದರೆ ಗೆದ್ದವರ ಪಾಲು ನೂರಕ್ಕೆ ನಲವತ್ತರ ಆಸುಪಾಸು. ಕದ್ರಿಗುಡ್ಡೆಯವರ ಟ್ಯಾಂಕರ್ ಅಧ್ಯಕ್ಷರದ್ದೂ ಅಷ್ಟೇ ಅಲ್ವಾ?

ನಿರ್ವಾಹಕ:
ಪಕ್ಷಗಳ ಜಗಳ ಇಲ್ಲಿ ಬೇಡ. ಅಂಕಿ ಅಂಶ ಹಾಕಿ, ಪದ್ಧತಿಯ ಬಗ್ಗೆ ಮಾತಾಡಿ. ಎರಡು ಕಮೆಂಟ್ ತೆಗೆದಿದ್ದೇನೆ.

ಮಂಜೇಶ್ವರ ಗಡಿ:
ಗಡಿ ದಾಟಿದರೆ ನಮ್ಮದು. 2016ರ ಕೇರಳ ವಿಧಾನಸಭೆ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಗೆಲುವಿನ ಅಂತರ 89 ಮತ. ಸೋತ ಬಿಜೆಪಿಯ ಸುರೇಂದ್ರನ್ ಅವರ ಹೆಸರನ್ನು ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ 400ಕ್ಕೂ ಜಾಸ್ತಿ ಮತ ಬಿದ್ದಿತ್ತು. ಒಬ್ಬರಿಗೆ ಒಂದೇ ವೋಟು ಅನ್ನುವ ಕಡೆ ಇಂಥದ್ದೆಲ್ಲ ಫಲಿತಾಂಶವನ್ನೇ ತಿರುಗಿಸುತ್ತದೆ.

ಉಡುಪಿ ವಕೀಲ:
ಇಲ್ಲಿರುವ ಅರ್ಧ ಜನ 1, 2, 3 ಬರೆದು ವೋಟು ಹಾಕಿಯೇ ಇರುತ್ತೀರಿ, ನೆನಪು ಮಾಡಿಕೊಳ್ಳಿ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರರ ಕ್ಷೇತ್ರ, ನೈಋತ್ಯ ಶಿಕ್ಷಕರ ಕ್ಷೇತ್ರ. ದಕ್ಷಿಣ ಕನ್ನಡ, ಉಡುಪಿ ಎರಡೂ ಅದರಲ್ಲೇ ಬರುತ್ತವೆ. 2024ರ ಜೂನ್‌ನಲ್ಲಿ ನಡೆಯಿತಲ್ಲ, ಅದೇ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಿಂದ ಹೆಸರಿನ ಮುಂದೆ ಅಂಕಿ ಬರೆಯಬೇಕು. ಅರ್ಧಕ್ಕಿಂತ ಜಾಸ್ತಿ ಯಾರಿಗೂ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತಪತ್ರಗಳಲ್ಲಿ 2 ಯಾರಿಗಿದೆಯೋ ಅವರ ಕಟ್ಟಿಗೆ ಸೇರಿಸುತ್ತಾರೆ. ಯಾರಿಗಾದರೂ ಅರ್ಧ ದಾಟುವವರೆಗೆ ಹೀಗೇ.

ರಾಷ್ಟ್ರಪತಿ ಚುನಾವಣೆಯೂ ಇದೇ ಲೆಕ್ಕ. 1969ರಲ್ಲಿ ವಿ.ವಿ. ಗಿರಿ ಮತ್ತು ನೀಲಂ ಸಂಜೀವ ರೆಡ್ಡಿ ಇಬ್ಬರಿಗೂ ಮೊದಲ ಎಣಿಕೆಯಲ್ಲಿ ಅರ್ಧ ದಾಟಲಿಲ್ಲ. ಮೂರನೆಯವರಾಗಿದ್ದ ಸಿ.ಡಿ. ದೇಶಮುಖ್ ಮತ್ತಿತರರ ಮತಪತ್ರದಲ್ಲಿದ್ದ ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ ಗೆದ್ದರು. ನಮ್ಮ ದೇಶಕ್ಕೆ ಹೊಸದೇನಲ್ಲ. ನಮ್ಮ ಕಾನೂನಲ್ಲೇ ಇರುವುದನ್ನು ಕೇಳುವುದು ಸುಲಭ. "ಇದು ಎಲ್ಲಿಂದ ತಂದಿರಿ" ಅಂತ ಸಭೆಯಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ.

ಕಾರ್ಕಳದವ:
ರಾಜ್ಯಸಭೆಯೂ ಹಾಗೇ. ಗುಪ್ತ ಮತದಾನ, 1, 2, 3.

ಉಡುಪಿ ವಕೀಲ:
ಅಂಕಿ ಬರೆಯುವುದು ಸರಿ. ಗುಪ್ತ ಅಲ್ಲ. 2003ರ ತಿದ್ದುಪಡಿ ನಂತರ ರಾಜ್ಯಸಭೆಯದ್ದು ಬಹಿರಂಗ ಮತದಾನ. ಶಾಸಕರು ಪಕ್ಷದ ಏಜೆಂಟರಿಗೆ ತೋರಿಸಿಯೇ ಹಾಕಬೇಕು.

ಮೂಡುಬಿದಿರೆ ಮಳೆ:
ಪದವೀಧರರ ಕ್ಷೇತ್ರದ ಎಣಿಕೆ ನೋಡಿದವಳು ನಾನು. ಒಳ್ಳೆಯ ಪದ್ಧತಿ ಅಂತ ಒಪ್ಪುತ್ತೇನೆ, ಆದರೆ ಅಪಾರ್ಟ್‌ಮೆಂಟಿಗೆ ಬೇಡ. ಡಿಗ್ರಿ ಮಾಡಿದವರ ಮತಗಳೇ ಎಷ್ಟೊಂದು ತಿರಸ್ಕೃತ ಆಗುತ್ತವೆ ಗೊತ್ತಾ? ಒಬ್ಬರು ಟಿಕ್ ಹಾಕುತ್ತಾರೆ. ಇನ್ನೊಬ್ಬರು ಇಬ್ಬರಿಗೂ 1 ಬರೆಯುತ್ತಾರೆ. ಕೆಲವರು ಅಂಕಿ ಬಿಟ್ಟು "ಒಂದು" ಅಂತ ಅಕ್ಷರದಲ್ಲಿ ಬರೆಯುತ್ತಾರೆ. ಇನ್ನು ಕೆಲವರು ತಮ್ಮ ಜೇಬಿನ ನೀಲಿ ಪೆನ್ನಿನಲ್ಲಿ ಬರೆದು ಬರುತ್ತಾರೆ. ಎಲ್ಲ ಅಸಿಂಧು. ಕಟ್ಟು ಬಿಚ್ಚಿ ಮತ್ತೆ ಹಂಚುವಾಗ ಏಜೆಂಟರೆಲ್ಲ ಮೇಜಿನ ಮೇಲೆ ಬಗ್ಗಿ ನಿಂತು ಒಂದೊಂದು ಚೀಟಿಗೂ ಜಗಳ ಮಾಡುತ್ತಾರೆ. ಅಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುತ್ತಾರೆ. ನಿಮ್ಮಲ್ಲಿ ಯಾರು ಎಣಿಸುತ್ತಾರೆ?

ಮಣಿಪಾಲ ಲೆಕ್ಕದ ಮೇಷ್ಟ್ರು:
ನನ್ನ ಮತ ಟಿಕ್ ಹಾಕುವ ಪದ್ಧತಿಗೆ. ಒಪ್ಪಿಗೆ ಮತ ಅಂತ ಕರೆಯಬಹುದು. ಮೂವರಲ್ಲಿ ಯಾರು ಯಾರು ನಿಮಗೆ ಆಗಬಹುದೋ ಅವರೆಲ್ಲರ ಮುಂದೆ ಟಿಕ್. ಒಬ್ಬರಿಗೂ ಹಾಕಬಹುದು, ಇಬ್ಬರಿಗೂ ಹಾಕಬಹುದು. ಜಾಸ್ತಿ ಟಿಕ್ ಬಂದವರು ಗೆದ್ದರು. ಈಗಿನ ಚೀಟಿಯೇ ಸಾಕು, "ಒಬ್ಬರಿಗೆ ಮಾತ್ರ" ಅನ್ನುವ ಸಾಲು ತೆಗೆದರಾಯಿತು. ಅಸಿಂಧು ಆಗಲು ಜಾಗವೇ ಇಲ್ಲ.

ಯಾಕೆ ಅಂತ ಒಂದು ಲೆಕ್ಕದಲ್ಲಿ ತೋರಿಸುತ್ತೇನೆ. ಸಂಘದ ವಾರ್ಷಿಕೋತ್ಸವಕ್ಕೆ ಯಕ್ಷಗಾನವೋ, ನಾಟಕವೋ, ರಸಮಂಜರಿಯೋ ಅಂತ 100 ಜನರನ್ನು ಕೇಳಿದಿರಿ ಅಂತಿಟ್ಟುಕೊಳ್ಳಿ. 40 ಜನರಿಗೆ ರಸಮಂಜರಿ ಮೊದಲು, ಆಮೇಲೆ ನಾಟಕ, ಕೊನೆಗೆ ಯಕ್ಷಗಾನ. 35 ಜನರಿಗೆ ಯಕ್ಷಗಾನ ಮೊದಲು, ಆಮೇಲೆ ನಾಟಕ, ಕೊನೆಗೆ ರಸಮಂಜರಿ. 25 ಜನರಿಗೆ ನಾಟಕ ಮೊದಲು, ಆಮೇಲೆ ಯಕ್ಷಗಾನ, ಕೊನೆಗೆ ರಸಮಂಜರಿ.

ಈಗಿನ ಪದ್ಧತಿಯಲ್ಲಿ 40 ಬಂದ ರಸಮಂಜರಿ ಗೆಲ್ಲುತ್ತದೆ. 60 ಜನರಿಗೆ ಅದು ಕೊನೆಯ ಆಯ್ಕೆ! ವಕೀಲರ 1, 2, 3ರಲ್ಲಿ ಏನಾಗುತ್ತದೆ? ನಾಟಕ ಕೊನೆಯದ್ದು, ಅದನ್ನು ತೆಗೆಯುತ್ತಾರೆ. ಅದರ 25 ಯಕ್ಷಗಾನಕ್ಕೆ ಹೋಗಿ 60 ಆಗುತ್ತದೆ. ಯಕ್ಷಗಾನ ಗೆದ್ದಿತು. ಆದರೆ ನಾಟಕವನ್ನು ಒಂದೊಂದರ ಎದುರು ನಿಲ್ಲಿಸಿ ನೋಡಿ. ರಸಮಂಜರಿ ಎದುರು 60-40, ಯಕ್ಷಗಾನದ ಎದುರು 65-35. ಎರಡನ್ನೂ ಸೋಲಿಸುವ ನಾಟಕವನ್ನೇ ನಿಮ್ಮ ಪದ್ಧತಿ ಮೊದಲು ಹೊರಗೆ ಹಾಕಿತು. ಟಿಕ್ ಪದ್ಧತಿಯಲ್ಲಿ ಎಲ್ಲರೂ ಮೊದಲ ಎರಡಕ್ಕೆ ಟಿಕ್ ಹಾಕಿದರೆ ನಾಟಕಕ್ಕೆ 100, ಯಕ್ಷಗಾನಕ್ಕೆ 60, ರಸಮಂಜರಿಗೆ 40.

ಕುಂದಾಪುರದ ಅಕ್ಕ:
ಯಕ್ಷಗಾನ ಸೋಲುವ ಪದ್ಧತಿ ನಮಗೆ ಬೇಡವೇ ಬೇಡ 😄

ಬಂದರಿನವ:
ಯಾವ ತಿಟ್ಟು ಅಂತ ಮೊದಲು ಹೇಳಿ. ಬಡಗು ಆದರೆ ನಮ್ಮ ಬ್ಲಾಕಿನವರು ಟಿಕ್ ಹಾಕುವುದಿಲ್ಲ.

ಕುಂದಾಪುರದ ಅಕ್ಕ:
ಬಡಗಿನ ಬಗ್ಗೆ ಒಂದು ಮಾತು ಆಡಿದರೂ ನಾನು ಇಲ್ಲೇ ಇದ್ದೇನೆ ನೋಡಿ.

ನಿರ್ವಾಹಕ:
ತಿಟ್ಟುಗಳ ಚರ್ಚೆಗೆ ಬೇರೆ ಎಳೆ ಉಂಟು.

ಸುರತ್ಕಲ್ ಕಡಲು:
ಮೇಷ್ಟ್ರೇ, ಲೆಕ್ಕ ಚಂದ ಉಂಟು. ಆದರೆ "ಎಲ್ಲರೂ ಮೊದಲ ಎರಡಕ್ಕೆ ಟಿಕ್ ಹಾಕಿದರೆ" ಅಂತ ಒಂದು ಸಾಲಿನಲ್ಲಿ ದಾಟಿಬಿಟ್ಟಿರಿ. ಅಲ್ಲೇ ಇರುವುದು ಸಮಸ್ಯೆ. ನಾನು ಮಳೆನೀರಿನ ಒಬ್ಬ ಅಭ್ಯರ್ಥಿಯ ಕಡೆಯವನು. ಇನ್ನೊಬ್ಬ ಮಳೆನೀರಿನವರಿಗೂ ಟಿಕ್ ಹಾಕಿದರೆ ನಮ್ಮವರನ್ನು ಅವರು ಸೋಲಿಸಬಹುದು. ಹಾಗಾಗಿ ನಮ್ಮವರಿಗೆ ಮಾತ್ರ ಹಾಕುತ್ತೇನೆ. ಅತ್ತಲವರೂ ಹಾಗೇ ಯೋಚಿಸುತ್ತಾರೆ. ಎಲ್ಲರೂ ಒಂದೊಂದೇ ಟಿಕ್ ಹಾಕಿದರೆ ಮತ್ತೆ ಹಳೆಯ ಪದ್ಧತಿಯೇ, ಟ್ಯಾಂಕರಿನವರೇ ಗೆದ್ದರು. 1, 2, 3ರಲ್ಲಿ ಆ ಭಯ ಇಲ್ಲ. ನನ್ನ 1 ಕಣದಲ್ಲಿ ಇರುವವರೆಗೆ ನನ್ನ 2ನ್ನು ಯಾರೂ ನೋಡುವುದೇ ಇಲ್ಲ.

ಇದು ಕಲ್ಪನೆ ಅಲ್ಲ. ಇಂಜಿನಿಯರುಗಳ ದೊಡ್ಡ ಸಂಸ್ಥೆ ಐಇಇಇ 1987ರಲ್ಲಿ ಟಿಕ್ ಪದ್ಧತಿ ತಂದು 2002ರಲ್ಲಿ ಕೈಬಿಟ್ಟಿತು. ತುಂಬ ಸದಸ್ಯರು ಒಂದೇ ಟಿಕ್ ಹಾಕುತ್ತಿದ್ದರು ಅನ್ನುವುದು ಅದಕ್ಕೆ ಹೇಳಿದ ಕಾರಣಗಳಲ್ಲಿ ಒಂದು.

ಮಣಿಪಾಲ ಲೆಕ್ಕದ ಮೇಷ್ಟ್ರು:
ಅಮೆರಿಕದ ಗಣಿತಜ್ಞರ ಸಂಘ ಅದನ್ನೇ ಬಳಸುತ್ತಿದೆ. ಉತ್ತರ ಡಕೋಟಾದ ಫಾರ್ಗೋ ಊರು 2018ರಲ್ಲಿ ಜನರ ವೋಟಿನಿಂದಲೇ ತಂದು 2020ರಿಂದ ಬಳಸುತ್ತಿದೆ. ಸೇಂಟ್ ಲೂಯಿಸ್ 2021ರಿಂದ.

ಸುರತ್ಕಲ್ ಕಡಲು:
ಫಾರ್ಗೋದಲ್ಲಿ ಈಗ ಇಲ್ಲ ಸರ್. 2025ರಲ್ಲಿ ಆ ರಾಜ್ಯದ ಶಾಸನಸಭೆ ಕಾನೂನು ಮಾಡಿ ನಿಷೇಧಿಸಿತು.

ಮಣಿಪಾಲ ಲೆಕ್ಕದ ಮೇಷ್ಟ್ರು:
ಅದೇ ಕಾನೂನಿನಲ್ಲಿ ನಿಮ್ಮ 1, 2, 3ನ್ನೂ ನಿಷೇಧಿಸಿದರು, ಅದನ್ನೂ ಹೇಳಿ. ಊರಿನವರು ಬೇಡ ಅನ್ನಲಿಲ್ಲ, ಮೇಲಿನವರು ಕಿತ್ತುಕೊಂಡರು.

ನನ್ನ ನಾಟಕದ ಲೆಕ್ಕ ಕಾಗದದ ಮೇಲಿನದ್ದು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಬರ್ಲಿಂಗ್ಟನ್ ಊರಿನ ಮೇಯರ್ ಚುನಾವಣೆಯಲ್ಲಿ 2009ರಲ್ಲಿ ಹಾಗೇ ಆಯಿತು. ಉಳಿದ ಒಬ್ಬೊಬ್ಬರ ಎದುರೂ ಗೆಲ್ಲಬಹುದಾಗಿದ್ದ ಮಾಂಟ್ರೋಲ್ ಮೊದಲೇ ಹೊರಗೆ ಹೋದರು. ಮರುವರ್ಷ ಊರಿನವರು ಆ ಪದ್ಧತಿಯನ್ನೇ ತೆಗೆದರು. 2022ರ ಆಗಸ್ಟ್‌ನಲ್ಲಿ ಅಲಾಸ್ಕಾ ರಾಜ್ಯದ ಸಂಸದ ಸ್ಥಾನದ ಚುನಾವಣೆಯಲ್ಲಿ ಮತ್ತೆ ಅದೇ. ಪೆಲ್ಟೋಲಾ ಗೆದ್ದರು, ಪೇಲಿನ್ ಎರಡನೆಯವರು. ಮೂರನೆಯವರಾಗಿ ಹೊರಬಿದ್ದ ಬೆಗಿಚ್ ಇಬ್ಬರನ್ನೂ ಒಬ್ಬೊಬ್ಬರಾಗಿ ಸೋಲಿಸುತ್ತಿದ್ದರು ಅಂತ ಮತಪತ್ರಗಳ ದಾಖಲೆಯೇ ಹೇಳುತ್ತದೆ.

ಉಡುಪಿ ವಕೀಲ:
ಅಲಾಸ್ಕಾದವರು ಬಿಡಲಿಲ್ಲವಲ್ಲ. 2024ರಲ್ಲಿ ರದ್ದು ಮಾಡುವ ಪ್ರಸ್ತಾವ ಸಾವಿರಕ್ಕಿಂತ ಕಡಿಮೆ ಮತಗಳಿಂದ ಬಿದ್ದುಹೋಯಿತು. ಆಸ್ಟ್ರೇಲಿಯಾದ ಕೆಳಮನೆಗೆ 1918ರಿಂದ ಇದೇ ಪದ್ಧತಿ. ನೂರು ವರ್ಷ ದಾಟಿದ ಮೇಲೂ ಅವರು ಬದಲಾಯಿಸಿಲ್ಲ. ಅಪರೂಪಕ್ಕೆ ಆಗುವ ದೋಷ ಹಿಡಿದು ದಿನಾ ಆಗುವ ದೋಷವನ್ನು ಉಳಿಸಿಕೊಳ್ಳುವುದು ಸರಿಯಾ?

ಬ್ರಹ್ಮಾವರ ಬೈಲು:
ಎರಡನೇ ಸುತ್ತು ಯಾಕೆ ಬೇಡ? ಮೊದಲ ಇಬ್ಬರ ಮಧ್ಯೆ ಇನ್ನೊಮ್ಮೆ ವೋಟು. ಫ್ರಾನ್ಸ್‌ನಲ್ಲಿ ಅಧ್ಯಕ್ಷರನ್ನು ಹಾಗೇ ಆರಿಸುವುದು.

ಕದ್ರಿಗುಡ್ಡೆ:
ಮಹಾಸಭೆಯಲ್ಲಿ ಉಪ್ಪಿಟ್ಟು-ಕಾಫಿ ಆದ ಮೇಲೆ ಅರ್ಧ ಜನ ಇರುವುದಿಲ್ಲ. ಎರಡನೇ ಸುತ್ತಿಗೆ ಉಳಿಯುವವರು ಸಂಘದ ಒಳಗಿನವರು ಮಾತ್ರ.

ಬ್ರಹ್ಮಾವರ ಬೈಲು:
ಹಾಗಾದರೆ ಶ್ರೀಲಂಕಾದವರ ದಾರಿ ನೋಡಿ. ಅಧ್ಯಕ್ಷರ ಚುನಾವಣೆಯಲ್ಲಿ ಒಂದೇ ಚೀಟಿಯಲ್ಲಿ ಮೂರು ಆಯ್ಕೆವರೆಗೆ ಬರೆಯಬಹುದು. ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಬಿಟ್ಟು ಉಳಿದವರೆಲ್ಲ ಒಟ್ಟಿಗೆ ಹೊರಗೆ. ಅವರ ಚೀಟಿಗಳಲ್ಲಿ ಈ ಇಬ್ಬರಲ್ಲಿ ಯಾರ ಹೆಸರಿದೆ ಅಂತ ಮಾತ್ರ ನೋಡುವುದು. 2024ರಲ್ಲಿ ದಿಸ್ಸಾನಾಯಕೆ ಅವರಿಗೆ ನೂರಕ್ಕೆ 42 ಬಂದಾಗ ಮೊದಲ ಸಲ ಎರಡನೇ ಎಣಿಕೆ ನಡೆಯಿತು. ಎಣಿಸುವ ಕೆಲಸ ಎರಡೇ ಸಲ.

ಕಾರ್ಕಳದವ:
ಮೂವರೇ ಅಭ್ಯರ್ಥಿಗಳಿದ್ದರೆ ಅದೂ ವಕೀಲರದ್ದೂ ಒಂದೇ ಆಯಿತಲ್ಲ?

ಬ್ರಹ್ಮಾವರ ಬೈಲು:
ಮೂವರಿದ್ದರೆ ಒಂದೇ. ಆರು ಜನ ನಿಂತರೆ ವ್ಯತ್ಯಾಸ ಗೊತ್ತಾಗುತ್ತದೆ.

ನೇತ್ರಾವತಿ ದಂಡೆ:
ಅಂಕ ಕೊಡುವ ಪದ್ಧತಿ ಯಾರೂ ಹೇಳಲಿಲ್ಲ. 0ಯಿಂದ 5. ಇಷ್ಟಪಟ್ಟವರಿಗೆ 5, ಪರವಾಗಿಲ್ಲ ಅನ್ನುವವರಿಗೆ 3. ಎಲ್ಲ ವಿವರ ಸಿಗುತ್ತದೆ.

ಮೂಡುಬಿದಿರೆ ಮಳೆ:
ಪರೀಕ್ಷೆ ಪೇಪರ್ ತಿದ್ದಿದವರಿಗೆ ಗೊತ್ತು, ಒಬ್ಬೊಬ್ಬರ ಕೈಯಲ್ಲಿ 3 ಅಂದರೆ ಒಂದೊಂದು. ಧಾರಾಳ ಇರುವವರ ವೋಟಿಗೆ ಬೆಲೆ ಕಮ್ಮಿ ಆಗುತ್ತದೆ. ಕೊನೆಗೆ ಎಲ್ಲರೂ 5 ಅಥವಾ 0 ಮಾತ್ರ ಬರೆಯಲು ಶುರು ಮಾಡುತ್ತಾರೆ. ಅದಕ್ಕಿಂತ ಟಿಕ್ ವಾಸಿ.

ಮಣಿಪಾಲ ಲೆಕ್ಕದ ಮೇಷ್ಟ್ರು:
ಒಂದು ಮಾತು ಎಲ್ಲರಿಗೂ. ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1951ರಲ್ಲೇ ತೋರಿಸಿದ್ದಾರೆ. ಮೂವರು ಅಥವಾ ಜಾಸ್ತಿ ಜನ ನಿಂತಾಗ, 1, 2, 3 ಅಂತ ಸಾಲು ಕೊಡುವ ಯಾವ ಪದ್ಧತಿಯೂ ನಾವು ಸಹಜವಾಗಿ ಕೇಳುವ ನಾಲ್ಕಾರು ಷರತ್ತುಗಳನ್ನು ಒಟ್ಟಿಗೆ ಪೂರೈಸಲು ಆಗುವುದಿಲ್ಲ. ಲೆಕ್ಕಾಚಾರ ಹಾಕಿ ವೋಟು ಮಾಡುವವರನ್ನು ಪೂರ್ತಿ ತಡೆಯುವ ಪದ್ಧತಿಯೂ ಇಲ್ಲ, ಅದು 1973ರಲ್ಲಿ ಗಿಬ್ಬಾರ್ಡ್ ತೋರಿಸಿದ್ದು. ಹಾಗಾಗಿ ದೋಷ ಹುಡುಕುತ್ತಾ ಕೂತರೆ ಎಲ್ಲದರಲ್ಲೂ ಸಿಗುತ್ತದೆ. ನಿಮ್ಮ ಜಾಗಕ್ಕೆ ಯಾವ ದೋಷ ತಡೆದುಕೊಳ್ಳಬಹುದು ಅಂತ ನೋಡಬೇಕು. ಸುರತ್ಕಲ್ ಅವರು ಹೇಳಿದ ಹಾಗೆ ಟಿಕ್ ಪದ್ಧತಿ ಹದಗೆಟ್ಟರೂ ಈಗಿನದ್ದಕ್ಕಿಂತ ಕೆಳಗೆ ಹೋಗುವುದಿಲ್ಲ. ಎಲ್ಲರೂ ಒಂದೇ ಟಿಕ್ ಹಾಕಿದರೆ ಈಗಿರುವ ಜಾಗಕ್ಕೇ ಬಂದು ನಿಲ್ಲುತ್ತೀರಿ. ಇಪ್ಪತ್ತು ಜನ ಎರಡು ಟಿಕ್ ಹಾಕಿದರೂ ಅಷ್ಟು ಲಾಭವೇ.

ಸುರತ್ಕಲ್ ಕಡಲು:
ಇದು ನ್ಯಾಯವಾದ ಮಾತು. ಆದರೆ ಬೈಲಾ ತಿದ್ದುವ ಅವಕಾಶ ಮತ್ತೆ ಮತ್ತೆ ಬರುವುದಿಲ್ಲ. ಒಮ್ಮೆ ಕೇಳುವಾಗ ಗಟ್ಟಿಯಾದದ್ದನ್ನೇ ಕೇಳಬೇಕು ಅನ್ನುವುದು ನನ್ನ ವಾದ.

ಕುಂದಾಪುರದ ಅಕ್ಕ:
ನಾನು ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಏಜೆಂಟ್ ಆಗಿ ಕೂತವಳು. ನಮ್ಮಲ್ಲಿ ಅದು ಇವತ್ತಿಗೂ ಕಾಗದದ ಮತಪತ್ರ, ಮುದ್ರೆ ಒತ್ತುವುದು. ಒಂದು ವಾರ್ಡಿಗೆ ಇಬ್ಬರು ಮೂವರು ಸದಸ್ಯರು ಇದ್ದರೆ ಅಷ್ಟು ಮುದ್ರೆ ಒತ್ತಬಹುದು. ಅಜ್ಜಿಯಂದಿರೂ ಸಲೀಸಾಗಿ ಒತ್ತಿ ಬರುತ್ತಾರೆ. "ಒಂದಕ್ಕಿಂತ ಜಾಸ್ತಿ ಜನರಿಗೆ ಹಾಕಿದರೆ ಜನಕ್ಕೆ ಗೊಂದಲ" ಅನ್ನುವವರು ನಮ್ಮ ಹಳ್ಳಿಯ ಮತಗಟ್ಟೆಗೆ ಬಂದಿಲ್ಲ.

ನನಗೆ ಮುಖ್ಯ ಅನ್ನಿಸುವುದು ಎಣಿಕೆ. ನಮ್ಮ ಭಜನಾ ಮಂದಿರದ ಸಮಿತಿಗೆ ವೋಟು ಎಣಿಸುವಾಗ ಕಪ್ಪು ಹಲಗೆ ಇಡುತ್ತಾರೆ. ಒಬ್ಬರು ಚೀಟಿ ಬಿಡಿಸಿ ಎತ್ತಿ ಹಿಡಿದು ಓದುತ್ತಾರೆ. ಇನ್ನೊಬ್ಬರು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ, ನಾಲ್ಕು ಗೆರೆ ಆದ ಮೇಲೆ ಐದನೆಯದು ಅಡ್ಡ. ಕೂತವರೆಲ್ಲ ಮನಸ್ಸಲ್ಲೇ ಎಣಿಸುತ್ತಾರೆ. ಗೆರೆ ಒಂದು ತಪ್ಪಿದರೆ ಹಿಂದಿನ ಸಾಲಿನಿಂದ ಬೊಬ್ಬೆ ಬರುತ್ತದೆ. ಸೋತವರೂ ತಮ್ಮ ಕಣ್ಣಾರೆ ಸೋತದ್ದು ನೋಡಿ ಮನೆಗೆ ಹೋಗುತ್ತಾರೆ, ಮರುದಿನ ತಕರಾರು ಇಲ್ಲ. ಟಿಕ್ ಆದರೆ ಹಲಗೆ ಮೇಲೆ ಹಾಗೇ ಎಣಿಸಬಹುದು. 1, 2, 3 ಆದರೆ ಚೀಟಿ ಕಟ್ಟು ಮಾಡಿ, ಬಿಚ್ಚಿ, ಮತ್ತೆ ಹಂಚಿ... ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ನನ್ನ ಮತ ಮೇಷ್ಟ್ರ ಕಡೆಗೆ, ಯಕ್ಷಗಾನ ಸೋತರೂ ಸರಿ.

ಉಡುಪಿ ವಕೀಲ:
ಅಕ್ಕ ಹೇಳಿದ್ದರಲ್ಲಿ ತೂಕ ಉಂಟು. ಒಂದೇ ಸ್ಥಾನದ ಹುದ್ದೆಗಳಿಗೆ ಟಿಕ್ ಕೇಳಿ, ನಾನು ಹಟ ಮಾಡುವುದಿಲ್ಲ. ಆದರೆ ಸಮಿತಿಗೆ ಖಂಡಿತ ಬೇಡ. 9 ಸ್ಥಾನಕ್ಕೆ ಟಿಕ್ ಪದ್ಧತಿ ಇಟ್ಟರೆ 60 ಜನರ ತಂಡ ತಮ್ಮ ಒಂಬತ್ತು ಜನರಿಗೂ ಟಿಕ್ ಹಾಕಿ ಮತ್ತೆ ಒಂಬತ್ತನ್ನೂ ಬಾಚುತ್ತದೆ.

ಅಲ್ಲಿ ಬೇಕಾಗಿರುವುದು ಪಾಲಿಗೆ ತಕ್ಕ ಸ್ಥಾನ. ನಮ್ಮ ಜಿಲ್ಲೆಯದ್ದೇ ಉದಾಹರಣೆ ಕೊಡುತ್ತೇನೆ. ವಿಧಾನ ಪರಿಷತ್ತಿನ ದಕ್ಷಿಣ ಕನ್ನಡ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಎರಡು ಸ್ಥಾನ. 1, 2, 3 ಬರೆಯುವುದು. ಮೂರನೇ ಒಂದು ಭಾಗ ದಾಟಿದವರು ಗೆದ್ದ ಹಾಗೆ. 2021ರಲ್ಲಿ ಒಂದು ಕೋಟ ಶ್ರೀನಿವಾಸ ಪೂಜಾರಿ ಅವರಿಗೆ, ಇನ್ನೊಂದು ಮಂಜುನಾಥ ಭಂಡಾರಿ ಅವರಿಗೆ. ಒಂದು ಬಿಜೆಪಿ, ಒಂದು ಕಾಂಗ್ರೆಸ್. ಅದೇ 2018ರ ಉಡುಪಿ ನಗರಸಭೆ ನೋಡಿ, ವಾರ್ಡಿಗೊಬ್ಬರು. 35ರಲ್ಲಿ 31 ಒಂದೇ ಪಕ್ಷಕ್ಕೆ, 4 ಇನ್ನೊಂದಕ್ಕೆ. ಜನರ ವೋಟು ಅಷ್ಟು ಒಂದೇ ಕಡೆ ಇತ್ತು ಅಂತ ಉಡುಪಿಯವರು ಯಾರಾದರೂ ಹೇಳುತ್ತೀರಾ?

ಕಾರ್ಕಳದವ:
ಇಡೀ ರಾಜ್ಯದ್ದೇ ನೋಡಿ. ಬಿಜೆಪಿಗೆ 2018ರಲ್ಲೂ 2023ರಲ್ಲೂ ನೂರಕ್ಕೆ 36ರಷ್ಟೇ ವೋಟು. ಸ್ಥಾನ ಮಾತ್ರ 104ರಿಂದ 66ಕ್ಕೆ ಇಳಿಯಿತು. 2018ರಲ್ಲಿ ಕಾಂಗ್ರೆಸ್‌ಗೆ 38, ಅಂದರೆ ಬಿಜೆಪಿಗಿಂತ ಜಾಸ್ತಿ ವೋಟು, ಸ್ಥಾನ ಕಡಿಮೆ. ಯಾವ ಪಕ್ಷದವರಾದರೂ ಒಂದಲ್ಲ ಒಂದು ಸಲ ಅಳಬೇಕಾದ ಪದ್ಧತಿ ಇದು. ಅಪಾರ್ಟ್‌ಮೆಂಟ್ ಬಿಡಿ, ಮೊದಲು ವಿಧಾನಸಭೆಗೆ ಬದಲಾವಣೆ ಕೇಳಬೇಕು.

ಉಡುಪಿ ವಕೀಲ:
ಪಾಲಿಗೆ ತಕ್ಕ ಸ್ಥಾನ ಬೇಕು ಅಂತ ಸಂವಿಧಾನ ಸಭೆಯಲ್ಲೇ ಕೇಳಿದ್ದರು. ಆಗ ಅಂಬೇಡ್ಕರ್ ಒಪ್ಪಲಿಲ್ಲ. ಓದು ಬರಹ ಬಾರದ ಮತದಾರರು ಜಾಸ್ತಿ ಇದ್ದಾರೆ, ಸರ್ಕಾರ ಸ್ಥಿರವಾಗಿ ನಿಲ್ಲುವುದಿಲ್ಲ ಅನ್ನುವುದು ಅವರ ವಾದ. ಮೊದಲನೆಯದು ಇವತ್ತಿಗೆ ಅಷ್ಟು ಹೊಂದುವುದಿಲ್ಲ, ಎರಡನೆಯದು ಇನ್ನೂ ಚರ್ಚೆಯಲ್ಲಿದೆ. ನೇಪಾಳದವರು ಎರಡೂ ಪದ್ಧತಿ ಬೆರೆಸಿದ್ದಾರೆ. ಕೆಳಮನೆಯ 275ರಲ್ಲಿ 165 ನಮ್ಮ ಹಾಗೆ, 110 ಪಕ್ಷದ ಪಾಲಿನ ಪ್ರಕಾರ.

ನೇತ್ರಾವತಿ ದಂಡೆ:
ಅಲ್ಲಿ ಸರ್ಕಾರಗಳು ಎಷ್ಟು ಸಲ ಬಿದ್ದವು ಅಂತಲೂ ನೋಡಬೇಕಲ್ವಾ?

ಕದ್ರಿಗುಡ್ಡೆ:
ನೇಪಾಳದಿಂದ ನಮ್ಮ ಒಂಬತ್ತು ಸ್ಥಾನಕ್ಕೆ ವಾಪಸ್ ಬನ್ನಿ ದಯವಿಟ್ಟು. ಹಲಗೆ ಮೇಲೆ ಎಣಿಸುವ ಹಾಗೂ ಇರಬೇಕು, ಒಂದೇ ತಂಡ ಬಾಚಲೂ ಬಾರದು. ಅಂಥದ್ದು ಉಂಟಾ?

ಮೂಡುಬಿದಿರೆ ಮಳೆ:
ಉಂಟು. 9 ಸ್ಥಾನ, ಆದರೆ ಒಬ್ಬರಿಗೆ 4 ವೋಟು ಮಾತ್ರ. 60 ಜನರ ಕೈಯಲ್ಲಿ 240 ವೋಟು. ಒಂಬತ್ತು ಜನರಿಗೆ ಹಂಚಿದರೆ ತಲಾ 27ಕ್ಕೂ ಮುಟ್ಟುವುದಿಲ್ಲ. ಉಳಿದ 40 ಜನ ತಮ್ಮ ನಾಲ್ವರಿಗೆ ಹಾಕಿದರೆ ತಲಾ 40. ನಾಲ್ವರೂ ಒಳಗೆ. ಎಣಿಕೆ ಅಕ್ಕನ ಹಲಗೆಯದ್ದೇ.

ಸುರತ್ಕಲ್ ಕಡಲು:
ಆ 40 ಜನ ಆಸೆಪಟ್ಟು ಏಳು ಜನರನ್ನು ನಿಲ್ಲಿಸಿದರೆ? 160 ವೋಟು ಏಳು ಜನರಿಗೆ, ತಲಾ 23. ಒಬ್ಬರೂ ಬರುವುದಿಲ್ಲ. ಎಷ್ಟು ಜನ ನಿಲ್ಲಬೇಕು ಅಂತ ಮೊದಲೇ ಊಹಿಸಿದವರು ಮಾತ್ರ ಗೆಲ್ಲುವ ಪದ್ಧತಿ ಇದು. 1, 2, 3 ಬರೆದು ಮತ ವರ್ಗಾಯಿಸಿದರೆ ಆ ಊಹೆ ಬೇಕಾಗಿಲ್ಲ. 9 ಸ್ಥಾನಕ್ಕೆ ಹತ್ತನೇ ಒಂದು ಭಾಗ ದಾಟಿದರೆ ಸಾಕು, ಅಂದರೆ ನೂರರಲ್ಲಿ 11 ಮತ ಬಂದವರು ಗೆದ್ದರು. 40 ಜನ ಎಷ್ಟು ಮಂದಿಯನ್ನು ನಿಲ್ಲಿಸಿದರೂ ಕೊನೆಗೆ ಮೂವರು ಬಂದೇ ಬರುತ್ತಾರೆ. ಕಂಪನಿ ಕಾಯಿದೆ 2013ರ 163ನೇ ಕಲಂ ನಿರ್ದೇಶಕರ ನೇಮಕಕ್ಕೆ ಇದಕ್ಕೆ ಅವಕಾಶವನ್ನೂ ಕೊಟ್ಟಿದೆ. ಸಮಿತಿಗೆ ಇದನ್ನೇ ಕೇಳಬೇಕು, ಒಂದು ಗಂಟೆ ಜಾಸ್ತಿ ಎಣಿಸಿದರೆ ಎಂತ ನಷ್ಟ?

ಮೂಡುಬಿದಿರೆ ಮಳೆ:
ಗೆದ್ದವರಿಗೆ 11ಕ್ಕಿಂತ ಜಾಸ್ತಿ ಬಂದ ಮತಗಳನ್ನು ಹಂಚುವಾಗ ಯಾವ ಚೀಟಿ ತೆಗೆದುಕೊಳ್ಳುತ್ತೀರಿ, ಭಿನ್ನರಾಶಿಯಲ್ಲಿ ಹಂಚುತ್ತೀರಾ? ಅದನ್ನು ಅಕ್ಕನ ಭಜನಾ ಮಂದಿರದಲ್ಲಿ ವಿವರಿಸಿ ನೋಡಿ. ಅರ್ಥ ಆಗದ ಎಣಿಕೆಯಲ್ಲಿ ಸೋತವರು ಸೋಲು ಒಪ್ಪುವುದಿಲ್ಲ.

ಸುರತ್ಕಲ್ ಕಡಲು:
ಐರ್ಲೆಂಡಿನ ಹಳ್ಳಿಯವರು ನೂರು ವರ್ಷದಿಂದ ಒಪ್ಪಿಕೊಂಡಿದ್ದಾರೆ. ನಮ್ಮವರಿಗೆ ಅರ್ಥ ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ ಮೇಡಂ.

ಬಂದರಿನವ:
ನಮ್ಮ ಸಹಕಾರಿ ಸಂಘದಲ್ಲೂ ಇದೇ ಗೋಳು. ಅಲ್ಲೂ ತರಬಹುದಾ?

ಉಡುಪಿ ವಕೀಲ:
ಸಹಕಾರಿ ಸಂಘದ ಚುನಾವಣೆ ಕಾಯಿದೆ, ನಿಯಮದ ಪ್ರಕಾರವೇ ನಡೆಯಬೇಕು. ನಿಮ್ಮ ಇಷ್ಟದಂತೆ ಪದ್ಧತಿ ಬದಲಾಯಿಸಲು ಬರುವುದಿಲ್ಲ. ಕದ್ರಿಗುಡ್ಡೆಯವರೇ, ನಿಮ್ಮದು ಯಾವ ಕಾಯಿದೆಯ ಕೆಳಗೆ ನೋಂದಣಿ ಆಗಿದೆ ಅಂತ ಮೊದಲು ನೋಡಿ. ತಿದ್ದುಪಡಿಗೆ ಎಷ್ಟು ಬಹುಮತ ಬೇಕು ಅನ್ನುವುದೂ ಅಲ್ಲೇ ಇರುತ್ತದೆ. ಸಭೆಯ ನೋಟಿಸಿನಲ್ಲಿ ತಿದ್ದುಪಡಿಯ ಪೂರ್ತಿ ಪಠ್ಯ ಇರಲಿ. ಅದನ್ನು ಬಿಟ್ಟರೆ ಆಮೇಲೆ ಯಾರಾದರೂ ತಕರಾರು ತೆಗೆದು ಎಲ್ಲ ಮೊದಲಿಂದ ಮಾಡಬೇಕಾಗುತ್ತದೆ.

ಕದ್ರಿಗುಡ್ಡೆ:
ತುಂಬ ಉಪಕಾರ ಆಯ್ತು. ನಿನ್ನೆ ರಾತ್ರಿ ನಮ್ಮ ಕಡೆಯವರು ಕೂತು ಮಾತಾಡಿದೆವು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ಮೂರಕ್ಕೆ ಟಿಕ್ ಪದ್ಧತಿ ಕೇಳುತ್ತೇವೆ. ಇದರಲ್ಲಿ ಎಲ್ಲರೂ ಒಂದೇ ಮಾತು. ಮಳೆನೀರಿನ ಇಬ್ಬರೂ ಈಗಲೇ ಹೇಳಿದ್ದಾರೆ, ಮುಂದಿನ ಸಲ ಇಬ್ಬರೂ ನಿಂತರೂ ಒಬ್ಬರು ಇನ್ನೊಬ್ಬರಿಗೆ ಟಿಕ್ ಹಾಕಿ ಅಂತ ತಮ್ಮವರಿಗೆ ಹೇಳುತ್ತಾರಂತೆ. ಸಮಿತಿಗೆ ಮಾತ್ರ ತೀರ್ಮಾನ ಆಗಿಲ್ಲ. ನಾನು 4 ವೋಟಿನ ಕಡೆ, ಇಬ್ಬರು ಸುರತ್ಕಲ್ ಅವರ ಕಡೆ. ಎರಡನ್ನೂ ಬೇರೆ ಬೇರೆ ತಿದ್ದುಪಡಿಯಾಗಿ ಇಡುತ್ತೇವೆ. ಸಮಿತಿಯದ್ದು ಬಿದ್ದರೂ ಅಧ್ಯಕ್ಷರದ್ದು ಉಳಿಯಬೇಕು.

ಕರಡು ಹೀಗಿದೆ: "ಪದಾಧಿಕಾರಿಗಳ ಪ್ರತಿ ಹುದ್ದೆಗೆ ಮತದಾರರು ತಮಗೆ ಒಪ್ಪಿಗೆಯಾದ ಎಷ್ಟು ಅಭ್ಯರ್ಥಿಗಳ ಹೆಸರಿನ ಮುಂದೆಯಾದರೂ ಗುರುತು ಹಾಕಬಹುದು. ಅತಿ ಹೆಚ್ಚು ಗುರುತು ಪಡೆದ ಅಭ್ಯರ್ಥಿ ಆಯ್ಕೆಯಾಗುತ್ತಾರೆ. ಎಣಿಕೆ ಸಭೆಯಲ್ಲೇ, ಸದಸ್ಯರ ಎದುರು, ಹಲಗೆಯ ಮೇಲೆ ನಡೆಯತಕ್ಕದ್ದು."

ಮಣಿಪಾಲ ಲೆಕ್ಕದ ಮೇಷ್ಟ್ರು:
ಚೆನ್ನಾಗಿದೆ. ಸಭೆಯಲ್ಲಿ ಮೊದಲು ನಾಟಕ, ಯಕ್ಷಗಾನ, ರಸಮಂಜರಿಗೆ ಒಂದು ಪ್ರಯೋಗದ ವೋಟು ಮಾಡಿಸಿ. ಕೈಯಲ್ಲಿ ಚೀಟಿ ಹಿಡಿದು ಮಾಡಿದರೆ ಭಾಷಣವೇ ಬೇಡ.

ಉಡುಪಿ ವಕೀಲ:
ಸಮ ಬಂದರೆ ಏನು ಅಂತ ಬರೆದಿಲ್ಲ. ಹಗುರ ಮಾಡಬೇಡಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಒಂದೇ ಒಂದು ಮತದಿಂದ ವಿಧಾನಸಭೆ ಸ್ಥಾನ ಹೋಗಿದೆ. ಇನ್ನೊಂದು ಮತ ಬಿದ್ದಿದ್ದರೆ ಸಮ. 1951ರ ಪ್ರಜಾಪ್ರತಿನಿಧಿ ಕಾಯಿದೆಯಲ್ಲಿ ಸಮ ಬಂದರೆ ಚೀಟಿ ಎತ್ತಬೇಕು ಅಂತ ಉಂಟು. ನೀವೂ ಅದನ್ನೇ ಸೇರಿಸಿ.

ಕುಂದಾಪುರದ ಅಕ್ಕ:
ಖಾಲಿ ಚೀಟಿ ಹಾಕಿದವರದ್ದನ್ನೂ ಹಲಗೆ ಮೇಲೆ ಒಂದು ಮೂಲೆಯಲ್ಲಿ ಗೆರೆ ಎಳೆಯಲು ಬರೆಯಿರಿ. ಕೊಟ್ಟ ಚೀಟಿ, ಪೆಟ್ಟಿಗೆಯಲ್ಲಿ ಸಿಕ್ಕಿದ ಚೀಟಿ ಎರಡೂ ತಾಳೆ ಆಗಬೇಕು.

ಕದ್ರಿಗುಡ್ಡೆ:
ಎರಡೂ ಸೇರಿಸುತ್ತೇನೆ. ನಮ್ಮ ಕಟ್ಟಡದಲ್ಲಿ ಕಪ್ಪು ಹಲಗೆ ಇಲ್ಲ. ಮಂಗಳೂರಿನಲ್ಲಿ ಹಳೆಯದ್ದು ಒಂದು ಯಾರ ಹತ್ತಿರವಾದರೂ ಇದ್ದರೆ ಮೆಸೇಜ್ ಮಾಡಿ, ಬಂದು ತಗೊಂಡು ಹೋಗುತ್ತೇನೆ.